ನನಗೆಂದೇ ಇಟ್ಟ ಪಾತ್ರೆ

ಜಯಂತಿ ಆಂಟಿ, ಅವತ್ತು ನಿಮ್ಮ ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಕೈ ಹಾಕಿದ್ದು ನಾನು. ನಿಮ್ಮ ಸೌಟು ಅದಲುಬದಲಾಗಿರಲಿಲ್ಲ. ನೀವು ನನಗೆಂದು ಮಾಡಿದ ಸಾಂಬಾರಿನಲ್ಲಿ ಮೀನಿನ ಮುಳ್ಳು ಇರಲಿಲ್ಲ. ನಾನು ಕದ್ದು ತಿಂದೆ, ಮುಳ್ಳನ್ನು ಗಂಟಲಿಗೆ ಸಿಕ್ಕಿಸಿಕೊಂಡೆ, ಆಮೇಲೆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆ. ಇಷ್ಟನ್ನು ಹೇಳಲು ಏಳು ವರ್ಷ ಬೇಕಾಯಿತು. ಈಗಲೂ ಬಾಯಿಯಲ್ಲಿ ಬರುತ್ತಿಲ್ಲ, ಅದಕ್ಕೇ ಮೊದಲು ಬರೆದು ನೋಡುತ್ತಿದ್ದೇನೆ.

ಎಲ್ಲಿಂದ ಶುರು ಮಾಡಲಿ — ಬಸ್ಸಿನಿಂದಲೇ ಮಾಡುತ್ತೇನೆ. ನಿಮ್ಮ ಮಗಳು ನಮಿತಾ ಮತ್ತು ನಾನು ಎಂ.ಎಸ್ಸಿ. ಓದುತ್ತಿದ್ದ ಕಾಲ. ಶಕ್ತಿನಗರದ ನಮ್ಮ ಮನೆಯಿಂದ ಒಂದು ಬಸ್ಸು, ಹಂಪನಕಟ್ಟೆಯಲ್ಲಿ ಇಳಿದು ಇನ್ನೊಂದು. ನೇತ್ರಾವತಿ ಸೇತುವೆಯ ಮೇಲೆ ಗಾಳಿ ಬೀಸಿದಾಗ ಅರ್ಧ ಬಸ್ಸು ಕಣ್ಣು ಮುಚ್ಚುತ್ತಿತ್ತು. ಸೇತುವೆ ದಾಟಿದರೆ ತೊಕ್ಕೊಟ್ಟು, ಅಲ್ಲಿ ನಮಿತಾ ಹತ್ತುತ್ತಿದ್ದಳು. ಅವಳಿಗೆಂದು ನಾನು ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟು ಕಾಯುತ್ತಿದ್ದೆ. ಕಂಡಕ್ಟರ್ ದಿನಾ ಕೇಳುತ್ತಿದ್ದ, "ಎಂತ ಅಕ್ಕ, ಬ್ಯಾಗಿಗೂ ಟಿಕೆಟ್ ಕೊಡ್ಲಾ?" ಅಂತ. ಕೊಡು ಎಂದು ಜಗಳಕ್ಕೆ ನಿಲ್ಲುವಷ್ಟು ಜಂಬ ನನಗಿತ್ತು. ಗೆಳತಿಗಾಗಿ ಸೀಟು ಕಾಯುವುದನ್ನೇ ದೊಡ್ಡ ನಿಷ್ಠೆ ಎಂದುಕೊಂಡಿದ್ದೆ.

ಎಪ್ರಿಲ್ ಬಂತೆಂದರೆ ವಿಶ್ವವಿದ್ಯಾಲಯದ ಗುಡ್ಡ ಕಾದ ಹೆಂಚು. ಲೈಬ್ರರಿಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಪರೀಕ್ಷೆಗೆ ಓದಲು ಬಿಟ್ಟ ರಜೆಯಲ್ಲಿ ನಾವಿಬ್ಬರೂ ನಿಮ್ಮ ಮನೆಯ ಕೆಂಪು ನೆಲದ ಚಾವಡಿಗೆ ಬಂದು ಬೀಳುತ್ತಿದ್ದೆವು. ಓದುವುದೆಂದರೆ — ನಿಮಗೆ ಗೊತ್ತೇ ಇದೆ. ತಣ್ಣಗಿನ ನೆಲಕ್ಕೆ ಕೆನ್ನೆ ಒತ್ತಿ ಮಲಗುವುದು, ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಳ್ಳುವುದು, ಉಪ್ಪು ಮೆಣಸಿನಪುಡಿ ಹಚ್ಚಿದ ಮಾವಿನಕಾಯಿ ಮುಗಿಯುವವರೆಗೆ ಎದ್ದು ಕೂರುವುದು. ಮಧ್ಯೆ ಮೊಬೈಲಿನಲ್ಲಿ ಲೂಡೊ. ಬಹರೈನಿನಿಂದ ಅಂಕಲ್, ಇಲ್ಲಿಂದ ನಾವು ಮೂವರು. ಆ ಆಟದಲ್ಲಿ ನಿಮಗೆ ಗಂಡ, ಮಗಳು ಎಂಬ ದಾಕ್ಷಿಣ್ಯ ಸ್ವಲ್ಪವೂ ಇರಲಿಲ್ಲ. ಅಂಕಲ್‌ನ ಕಾಯಿ ಹೊಡೆದು, ಫೋನನ್ನು ಅಡುಗೆಯ ಮೇಲೆ ಹಿಡಿದು, "ಸೋತವರು ನೋಡಿ ಹೊಟ್ಟೆ ತುಂಬಿಸಿಕೊಳ್ಳಿ" ಎನ್ನುತ್ತಿದ್ದಿರಿ. ಬಿಸಿಲು ಇಳಿದ ಮೇಲೆ ಉಳ್ಳಾಲದ ಕಡಲು, ಬರುವಾಗ ಒಂದು ಐಸ್‌ಕ್ರೀಂ. ನನ್ನ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯ ದಿನಗಳು ಮತ್ತೆ ಬರಲಿಲ್ಲ.

ಆ ಪಾತ್ರೆಯ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ನಾನು ಬಂದಾಗ ನೀವು ಬಾಗಿಲಲ್ಲೇ "ವನಸ್ ಆಂಡಾ?" ಎಂದು ಕೇಳಿದಿರಿ. ನಮ್ಮ ತುಳುವಿನಲ್ಲಿ ಊಟ ಆಯಿತಾ ಎಂಬುದು ಕ್ಷೇಮ ಸಮಾಚಾರ. ನಿಮ್ಮ ಬಾಯಲ್ಲಿ ಮಾತ್ರ ಅದು ನಿಜವಾದ ಪ್ರಶ್ನೆ. ಇಲ್ಲ ಎಂದೆ. ನೀವು ಮಗಳ ಮುಖ ನೋಡಿದಿರಿ. "ಇವಳು ದೇವಸ್ಥಾನದ ಭಟ್ರ ಮಗಳಲ್ವಾ? ನಮ್ಮಲ್ಲಿ ಊಟ ಮಾಡ್ತಾಳಾ?" ಎಂದು ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು. "ಹಸಿವಾದರೆ ಎಲ್ಲಿಯೂ ಮಾಡ್ತೇನೆ ಆಂಟಿ" ಎಂದೆ. ಆದರೂ ಅವತ್ತು ನೀವು ಕೊಟ್ಟದ್ದು ಬಾಳೆಹಣ್ಣು, ಪುನರ್ಪುಳಿ ಶರಬತ್ತು.

ಮುಂದಿನ ಸಲ ಬಂದಾಗ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹೊಳೆಯುವ ಹೊಸ ಸ್ಟೀಲ್ ಪಾತ್ರೆ, ಒಂದು ಬಾಣಲೆ, ಹಿಡಿಗೆ ಹಸಿರು ದಾರ ಸುತ್ತಿದ ಸೌಟು. ನಾನು ಕೇಳಿರಲಿಲ್ಲ. ಮನೆಯಲ್ಲಿ ಮೀನು ತಂದ ದಿನ ಅದನ್ನು ಮುಟ್ಟುವ ಮೊದಲೇ ನನ್ನ ಅಡುಗೆ ಮುಗಿಸಿ, ಮುಚ್ಚಿ, ಆ ಹಲಗೆಗೆ ಏರಿಸಿಬಿಡುತ್ತಿದ್ದಿರಿ. ನಾನು ಬಾರದ ದಿನವೂ, ಬೀದಿಯ ಕೊನೆಯ ಮನೆಯ, ಮೀನು ತಿನ್ನದ ಹಿರಿಯ ಟೀಚರಮ್ಮನಿಗೋ, ನಮಿತಾನ ಬೇರೆ ಗೆಳತಿಯರಿಗೋ ಅದರಲ್ಲೇ ಪಲ್ಯ, ತಂಬುಳಿ. "ನಮ್ಮ ಮನೆಗೆ ಬಂದವರು ಬಾಯಿಗೆ ಎಂತದೂ ಹಾಕದೆ ಹೋಗ್ಬಾರದು" ಎನ್ನುತ್ತಿದ್ದಿರಿ. ಶುದ್ಧ, ಮಡಿ ಎಂದು ಒಂದು ಮಾತು ನಿಮ್ಮ ಬಾಯಲ್ಲಿ ಬರಲಿಲ್ಲ. ಎದುರಿಗಿರುವವರ ಮನಸ್ಸಿಗೆ ಯಾವುದು ದೊಡ್ಡದೋ ಅದನ್ನು ತನ್ನದಲ್ಲದಿದ್ದರೂ ಜೋಪಾನ ಮಾಡುವುದು — ಇದನ್ನು ನಾನು ದೊಡ್ಡ ದೊಡ್ಡ ಭಾಷಣಗಳಲ್ಲಿ ಕೇಳಿದ್ದೇನೆ, ಮಾಡಿದ್ದನ್ನು ಕಂಡದ್ದು ನಿಮ್ಮ ಅಡುಗೆಮನೆಯಲ್ಲಿ. ನನ್ನ ಅಮ್ಮ ಕೂಡ, ಈ ಪಾತ್ರೆಯ ಸುದ್ದಿ ಕೇಳಿದ ಮೇಲೆ, ನಿಮ್ಮಲ್ಲಿ ಊಟ ಮಾಡಲು ನಿಶ್ಚಿಂತೆಯಿಂದ ಬಿಟ್ಟಳು.

ಅಂಥ ಅಡುಗೆಮನೆಯಲ್ಲಿ ನಾನು —

ಅವತ್ತು ನನಗೆ ಸೌತೆಕಾಯಿ ಸಾಂಬಾರು, ಬಸಳೆ ಪಲ್ಯ. ನಿಮ್ಮಿಬ್ಬರಿಗೆ ಬಂಗುಡೆ. ನಮಿತಾ ಎದುರು ಕೂತು, ಮಾತಾಡುತ್ತಲೇ, ಬೆರಳಿನಲ್ಲಿ ಮುಳ್ಳನ್ನು ಬಿಡಿಸಿ ತಟ್ಟೆಯಂಚಿಗೆ ಸಾಲಾಗಿ ಇಡುವುದನ್ನು ಎಷ್ಟೋ ತಿಂಗಳಿಂದ ನೋಡುತ್ತಿದ್ದೆ. ಆ ವಾಸನೆ ಮೊದಲು ಆಗುತ್ತಿರಲಿಲ್ಲ, ಆಮೇಲೆ ಅಭ್ಯಾಸವಾಯಿತು, ಆಮೇಲೆ — ಬಾಯಲ್ಲಿ ನೀರೂರತೊಡಗಿತು. ಊಟವಾದ ಮೇಲೆ ನಮಿತಾ ಚಾವಡಿಯಲ್ಲಿ ನಿದ್ದೆ ಹೋದಳು. ನೀವು ಸ್ನಾನಕ್ಕೆ ಹೋದಿರಿ. ನಾನು ನೀರು ಕುಡಿಯಲೆಂದು ಒಳಗೆ ಹೋದೆ. ನೀರು ಕುಡಿಯಲೆಂದೇ ಹೋದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ, ಅದೂ ಸುಳ್ಳು. ಮಣ್ಣಿನ ಪಾತ್ರೆಯ ಮುಚ್ಚಳ ಎತ್ತಿದೆ. ಒಂದು ತುಂಡು ಕೈಯಲ್ಲಿ ತೆಗೆದು, ನಿಂತಲ್ಲೇ, ಎರಡು ಸಲಕ್ಕೆ ಬಾಯಿಗೆ ತುಂಬಿದೆ. ಅದನ್ನು ಕಂಡದ್ದು ನಿಮ್ಮ ಮನೆಯ ಬೆಕ್ಕು ಮಾತ್ರ. ಬಹಳ ರುಚಿಯಾಗಿತ್ತು ಆಂಟಿ. ಇದನ್ನು ಮುಚ್ಚಿಟ್ಟರೆ ಅದೊಂದು ಬೇರೆ ಸುಳ್ಳಾಗುತ್ತದೆ. ನಿಮ್ಮ ಕೈಯ ಹುಳಿ, ಖಾರ ಅಷ್ಟು ಹದವಾಗಿತ್ತು.

ಆದರೆ ಮೀನು ತಿನ್ನುವುದನ್ನು ನೋಡಿ ಕಲಿಯಲಾಗುವುದಿಲ್ಲ. ಮುಳ್ಳು ಗಂಟಲಲ್ಲಿ ಅಡ್ಡ ನಿಂತಿತು. ತಲೆನೋವು ಎಂದು ಹೇಳಿ ಹೊರಟೆ. ನೀವು ತಲೆ ಒರೆಸುತ್ತಾ ಬಾಗಿಲಿಗೆ ಬಂದು, "ಬಿಸಿಲಿಗೆ ಹೋಗ್ಬೇಡ ಮಗ, ಸ್ವಲ್ಪ ಮಲಗು" ಎಂದಿರಿ. ಉತ್ತರ ಕೊಡಲೂ ಆಗದೆ ಕೈ ಬೀಸಿ ಬಸ್ಸು ಹತ್ತಿದೆ. ಮನೆಯಲ್ಲಿ ಬಾಳೆಹಣ್ಣು ನುಂಗಿದೆ, ಅನ್ನದ ಉಂಡೆ ನುಂಗಿದೆ, ಹೋಗಲಿಲ್ಲ. ಉಗುಳು ನುಂಗಲಾಗದೆ ನಾನು ಅಳುವುದನ್ನು ನೋಡಿ ಅಮ್ಮ ಹೆದರಿ, ಹಂಪನಕಟ್ಟೆಯ ಗಂಟಲಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಚಿಮಟದಲ್ಲಿ ಹಿಡಿದು ತೆಗೆದು, ಲೈಟಿಗೆ ಹಿಡಿದು, ಮೀನು ತಿಂದೇ ದೊಡ್ಡವರಾದವರ ಸಲುಗೆಯಲ್ಲಿ ನಕ್ಕರು. "ಬಂಗುಡೆಯದ್ದು. ಅವಸರ ಎಂತಕ್ಕೆ ಮಾರಾಯ್ತಿ, ನಿಧಾನ ತಿನ್ನಬಾರದಾ?"

ಅಮ್ಮ ನಗಲಿಲ್ಲ. ಅಪ್ಪ ಪೂಜೆ ಮಾಡುವವರು, ಅಮ್ಮ ಅವರಿಗಿಂತ ಕಟ್ಟುನಿಟ್ಟು. ಆಟೋದಲ್ಲಿ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು: "ಇದು ಎಲ್ಲಿಂದ ಬಂತು?"

ನಿಜ ಹೇಳಿದ್ದರೆ ಏನಾಗುತ್ತಿತ್ತು? ಬೈಗುಳ, ನಾಲ್ಕು ದಿನ ಮಾತಿಲ್ಲ, ಅಪ್ಪನ ಮುಖ ಸಪ್ಪೆ. ಅಷ್ಟೇ. ಅಷ್ಟಕ್ಕೆ ಹೆದರಿ ನಾನು ಹೇಳಿದೆ — "ನಮಿತಾನ ಮನೆಯ ಸಾಂಬಾರಿನಲ್ಲಿ ಇತ್ತೋ ಏನೋ. ಸೌಟು ಅದಲುಬದಲಾಗಿರಬೇಕು."

ಎಷ್ಟು ಸಲೀಸಾಗಿ ಬಂತು ಆ ಮಾತು. ಮುಳ್ಳು ತೆಗೆದ ಗಂಟಲು ನೋಡಿ.

ಮನೆಗೆ ಬಂದೊಡನೆ ಅಮ್ಮ ನಿಮಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ. ಜೋರು ಮಾಡಲಿಲ್ಲ. ಅವಳು ಹೈಸ್ಕೂಲ್ ಟೀಚರು, ತಣ್ಣಗೆ ಮಾತಾಡಿಯೇ ಕುಯ್ಯಬಲ್ಲವಳು. ಮುಳ್ಳಿನ ಕತೆ ಹೇಳುತ್ತಿದ್ದ ಹಾಗೇ ನೀವು ನಡುವೆ ಬಾಯಿ ಹಾಕಿದಿರಿ.

"ಅಯ್ಯೋ, ಅನುವಿನ ಗಂಟಲು ಹೇಗುಂಟು? ರಕ್ತ ಬಂತಾ?"

"ಗಂಟಲು ಸರಿಯಾಗ್ತದೆ. ನೀವು ಬೇಕೂಂತ ಮಾಡಿದ್ದಲ್ಲ, ಗೊತ್ತುಂಟು. ಆದರೆ ನಾವು ನಿಮ್ಮನ್ನು ನಂಬಿ ಕಳಿಸಿದ್ದು."

ನೀವು ವಾದಿಸುತ್ತೀರಿ, ನನ್ನ ಅಡುಗೆಮನೆಯಲ್ಲಿ ಹಾಗಾಗಲು ಸಾಧ್ಯವಿಲ್ಲ ಎನ್ನುತ್ತೀರಿ ಎಂದು ಕಾದು ಕೂತಿದ್ದೆ. ನೀವು ಹೇಳಿದ್ದು, "ತಪ್ಪಾಯ್ತಮ್ಮ. ನನ್ನ ಕೈಯಿಂದ ತಪ್ಪಾಗಿದೆ. ಮಗುವಿಗೆ ಬೈಬೇಡಿ."

ನನ್ನ ಮಾತಿನ ಮೇಲೆ ನಿಮಗೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ನಿಮ್ಮ ಕೈಯ ಮೇಲೆ.

ನಮಿತಾ ಮಾತ್ರ ಮರುದಿನ ಲೈಬ್ರರಿಗೆ ಹೋಗುವ ಬಸ್ಸಿನಲ್ಲಿ ಕೇಳಿದಳು. ನಾನು ಕಾದಿಟ್ಟ ಸೀಟಿನಲ್ಲೇ ಕೂತು, ಕಿಟಕಿಯ ಹೊರಗೆ ನೋಡುತ್ತಾ. "ಅಮ್ಮನಿಗೆ ಸೌಟು ಬದಲಾಗ್ಲಿಕ್ಕಿಲ್ಲ ಅನು. ನಿಜ ಹೇಳು, ಸಾಂಬಾರಲ್ಲೇ ಸಿಕ್ಕಿದ್ದಾ?"

"ಮತ್ತೆಲ್ಲಿ ಸಿಗ್ತದೆ?" ಎಂದೆ. ಸಿಟ್ಟು ಬಂದವಳ ಹಾಗೆ ಎಂದೆ. ಅವಳು ಮತ್ತೆ ಕೇಳಲಿಲ್ಲ, ಸೀಟನ್ನೂ ಬದಲಾಯಿಸಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಹುಡುಗಾಟ ಎಂದು ಮರೆಯುತ್ತಿದ್ದೆನೋ ಏನೋ. ಆ ವಾರವೇ ನೀವು ಅಪ್ಪ ಪೂಜೆ ಮಾಡುವ ದೇವಸ್ಥಾನಕ್ಕೆ ಬಂದಿರಿ. ಅಪ್ಪ ನಿಮ್ಮನ್ನು ಕಂಡವರಲ್ಲ. ನಾನು ಬದಿಯಲ್ಲಿ ಕೂತು ಹೂವು ಬಿಡಿಸುತ್ತಿದ್ದೆ. ನೀವು ಕೈಮುಗಿದು, "ಭಟ್ರೇ, ತಿಳಿಯದೆ ನನ್ನಿಂದ ಒಂದು ತಪ್ಪಾಗಿದೆ. ತಪ್ಪುಕಾಣಿಕೆ ಹಾಕ್ಲಿಕ್ಕೆ ಬಂದದ್ದು. ಒಮ್ಮೆ ಪ್ರಾರ್ಥನೆ ಮಾಡಿ" ಎಂದಿರಿ. ಎಂತ ತಪ್ಪು ಎಂದು ಅಪ್ಪ ಕೇಳಲಿಲ್ಲ, ಅವರು ಯಾರನ್ನೂ ಕೇಳುವುದಿಲ್ಲ. ಗಟ್ಟಿಯಾಗಿ ಪ್ರಾರ್ಥಿಸಿದರು — ಈ ನಿನ್ನ ಮಗಳಿಂದ ತಿಳಿಯದೆ ಆದ ದೋಷವನ್ನು ಹೊಟ್ಟೆಗೆ ಹಾಕಿಕೊಂಡು ಕಾಪಾಡಬೇಕು ಎಂದು. ನೀವು ಕಣ್ಣು ಮುಚ್ಚಿ ನಿಂತಿದ್ದಿರಿ. ತಿಳಿದೂ ತಪ್ಪು ಮಾಡಿದವಳು ಹೂವಿನ ಹರಿವಾಣದ ಹಿಂದೆ ತಲೆತಗ್ಗಿಸಿ ಕೂತಿದ್ದೆ.

ಪ್ರಸಾದ ತೆಗೆದುಕೊಂಡು ತಿರುಗಿದಾಗ ನನ್ನನ್ನು ಕಂಡಿರಿ. ಹತ್ತಿರ ಬರಲು ಒಂದು ಕ್ಷಣ ಅಳುಕಿದಿರಿ. ನನ್ನನ್ನು ಮುಟ್ಟಬಹುದೋ ಬಾರದೋ ಎಂಬಂತೆ ದೂರದಿಂದಲೇ ಕೇಳಿದಿರಿ, "ಗಂಟಲು ನೋವು ಕಡಿಮೆ ಆಯ್ತಾ ಮಗ?"

ಅಲ್ಲಿ ದೇವರಿದ್ದ, ಅಪ್ಪನಿದ್ದರು, ನೀವಿದ್ದಿರಿ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾರಿಗೂ ಸಿಗುವುದಿಲ್ಲ. "ಆಯ್ತು ಆಂಟಿ" ಎಂದೆ. ಆ ಎರಡು ಮಾತು ಆಟೋದಲ್ಲಿ ಹೇಳಿದ ಸುಳ್ಳಿಗಿಂತ ಕೆಟ್ಟದ್ದು.

ಪರೀಕ್ಷೆ ಮುಗಿಯಿತು, ಓದು ಮುಗಿಯಿತು. ನಿಮ್ಮ ಮನೆಗೆ ಮತ್ತೆ ಬರಲಿಲ್ಲ. ಅಮ್ಮ ಬಿಡುವುದಿಲ್ಲ ಎಂಬ ನೆವ ಇತ್ತು. ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಮಕ್ಕಳು ಉತ್ತರವನ್ನು ತಿದ್ದಿ ಬರೆದರೆ ಸಿಟ್ಟಾಗುತ್ತೇನೆ — ನಾನು!

ಕಳೆದ ವಾರ ನಮಿತಾ ಹಂಪನಕಟ್ಟೆಯಲ್ಲಿ ಸಿಕ್ಕಿದಳು. ಹಳೆಯ ಹಾಗೆ ಐಸ್‌ಕ್ರೀಂ ತಿನ್ನುತ್ತಾ ಕೂತೆವು. ನಿಮ್ಮ ಬಗ್ಗೆ ಕೇಳಿದೆ. ನಗುತ್ತಾ ಹೇಳತೊಡಗಿದವಳು ಕೊನೆಗೆ ನಗಲಿಲ್ಲ.

"ಅಮ್ಮ ಈಗ ಮೀನು ತಿನ್ನದವರಿಗೆ ಊಟ ಬಡಿಸುದಿಲ್ಲ ಮಾರಾಯ್ತಿ. ಯಾರು ಬಂದ್ರೂ ಬೊಂಡ ಕೆತ್ತಿ ಎಳನೀರು ಕೊಟ್ಟು ಕಳಿಸ್ತಾಳೆ. ಕೊನೆಯ ಮನೆಯ ಟೀಚರಮ್ಮನಿಗೂ ಅಷ್ಟೇ. ನನ್ನ ಕೈಯನ್ನು ನಂಬ್ಲಿಕ್ಕಾಗುದಿಲ್ಲ ಅಂತಾಳೆ. ನಿನ್ನ ಪಾತ್ರೆ ಉಂಟು ಇನ್ನೂ. ಹಬ್ಬಕ್ಕೆ ಒಮ್ಮೆ ಇಳಿಸಿ, ತೊಳೆದು, ಪುನಃ ಮೇಲಿಡ್ತಾಳೆ."

ನಾನು ಅಂದುಕೊಂಡಿದ್ದೆ, ನನ್ನ ಸುಳ್ಳು ನಿಮಗೆ ಒಂದು ದಿನದ ಬೇಸರ ಕೊಟ್ಟಿತು, ಕಾಣಿಕೆ ಹಾಕಿದಿರಿ, ಮುಗಿಯಿತು ಎಂದು. ಬಂದವರು ಹಸಿದು ಹೋಗಬಾರದು ಎನ್ನುತ್ತಿದ್ದ ನಿಮ್ಮ ಸಂತೋಷವನ್ನೇ ನಾನು ಕಸಿದುಕೊಂಡಿದ್ದೆ. ಆ ಕೈಯ ಹಾಗೆ ನಂಬಬಹುದಾದ ಕೈಯನ್ನು ನಾನು ಇವತ್ತಿಗೂ ಕಂಡಿಲ್ಲ ಆಂಟಿ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಚೂರಿ ಕೆಳಗಿಟ್ಟಳು. ಮೀನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅವತ್ತು ಫೋನಿನಲ್ಲಿ ಅವರು ಮೊದಲು ಕೇಳಿದ್ದು ನಿನ್ನ ಗಂಟಲಿನ ಬಗ್ಗೆ" ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ನಾಳೆ ಬರುತ್ತೇನೆ. ಫೋನಿನಲ್ಲಲ್ಲ, ನಿಮ್ಮ ಅಡುಗೆಮನೆಯಲ್ಲಿ ನಿಂತು, ನಮಿತಾ ಕೇಳುವ ಹಾಗೆ ಹೇಳುತ್ತೇನೆ: ನಿಮ್ಮ ಕೈಯಿಂದ ಏನೂ ತಪ್ಪಾಗಿರಲಿಲ್ಲ. ಬೈದರೆ ಕೇಳಿಸಿಕೊಳ್ಳುತ್ತೇನೆ, ಹೊರಗೆ ಹೋಗು ಎಂದರೆ ಹೋಗುತ್ತೇನೆ. "ವನಸ್ ಆಂಡಾ?" ಎಂದು ನೀವು ಕೇಳುವ ಮೊದಲೇ ಇದನ್ನು ಹೇಳಿ ಮುಗಿಸಬೇಕು. ಆ ಪಾತ್ರೆಯನ್ನು ನನಗಾಗಿ ಇಳಿಸಿ ಎಂದು ಕೇಳುವ ಮುಖ ನನಗಿಲ್ಲ. ಟೀಚರಮ್ಮನಿಗಾಗಿ ಇಳಿಸಿ, ಆಂಟಿ.