ಪೆಟ್ಟಿಗೆಯೊಳಗಿನ ಪಿನ್ನು

ಬಾಹ್ಯಾಕಾಶ ಕೇಂದ್ರದ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಬೆಂಚಿನ ಅಕ್ಕಪಕ್ಕದ ಬೆಂಚುಗಳು ಸದಾ ಖಾಲಿ. ಯಾರೇ ಬಂದರೂ ನಾಲ್ಕು ದಿನ ಅವನ ಬೈಗುಳ ತಿಂದು, ಸಾಮಾನು ಎತ್ತಿಕೊಂಡು ಬೇರೆ ಮೂಲೆ ಹಿಡಿಯುತ್ತಿದ್ದರು. ಮೇಸ್ತ್ರಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕೈ ಮಾತ್ರ ಕೂದಲೆಳೆ ಸೀಳುವಂಥದ್ದು. ಹೆಂಡತಿ ಮುನಿಸಿಕೊಂಡು ತಂಗಿಯ ಮನೆ ಸೇರಿ ಆರು ವರ್ಷ. ಬಾ ಎಂದು ಕರೆಯಲು ಇವನಿಗೆ ಬಾಯೇ ಬರಲಿಲ್ಲ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ.

ಅವನ ಜೊತೆ ನೆಟ್ಟಗೆ ಮಾತಾಡುತ್ತಿದ್ದವರು ಎಲ್ಲರೂ ಎಣಿಕೆ ಮೇಡಂ ಎಂದು ಕರೆಯುತ್ತಿದ್ದ ವಿಜ್ಞಾನಿ ಒಬ್ಬರೇ. ಮಂಗಳ ಗ್ರಹ ಸುತ್ತುವ ನೌಕೆಯಲ್ಲಿ ಅವರದೊಂದು ಪೆಟ್ಟಿಗೆ, ಟಿಫಿನ್ ಡಬ್ಬಿಯಷ್ಟು ದೊಡ್ಡದು. ಬಾಹ್ಯಾಕಾಶದಿಂದ ಬಂದು ಬಡಿಯುವ ವಿಕಿರಣದ ಕಣಗಳನ್ನು ಎಣಿಸುವುದು ಅದರ ಕೆಲಸ. ನಾಳೆ ಮನುಷ್ಯರು ಅಲ್ಲಿಗೆ ಹೋದರೆ ಮೈಗೆ ಎಷ್ಟು ಏಟು ಬಿದ್ದೀತು ಎಂದು ತಿಳಿಯಬೇಕಲ್ಲ. ಅದನ್ನು ಜೋಡಿಸಿದವನು ಮೇಸ್ತ್ರಿ. "ನಿಮ್ಮ ಕೈ ಇಲ್ದಿದ್ರೆ ಇದು ಕಾಗದದ ಮೇಲೇ ಇರ್ತಿತ್ತು," ಎಂದು ಮೇಡಂ ಒಮ್ಮೆ ಹೇಳಿದ್ದರು. ಒಬ್ಬನೇ ಉಣ್ಣುವಾಗ ಆ ಮಾತು ಎಷ್ಟೋ ಸಲ ಅವನಿಗೆ ಜೊತೆಯಾಗಿತ್ತು.

ನೌಕೆ ಮಂಗಳ ತಲುಪಿ ಎರಡು ತಿಂಗಳಾಗಿತ್ತು. ಸ್ಟೋರ್‌ಕೀಪರ್ ಹಲ್ಲು ಕಿರಿಯುತ್ತ ಬಂದ.

"ನಿಮ್ಮ ಡಬ್ಬಕ್ಕೆ ತಲೆ ಕೆಟ್ಟಿದೆಯಂತಲ್ಲ ಮೇಸ್ತ್ರಿ? ನಿಮ್ಮ ಥರಾನೇ, ಕಾರಣ ಇಲ್ದೆ ಕಿರುಚ್ತಿದೆಯಂತೆ!"

"ನಿನ್ನ ಕೆಲಸ ನೋಡ್ಕೊಂಡು ಹೋಗಯ್ಯ!"

"ನನ್ನ ಮೇಲ್ಯಾಕೆ ಎಗರ್ತೀರಿ? ಸೋಮವಾರ ಅದನ್ನ ಆಫ್ ಮಾಡ್ತಾರಂತೆ. ಮೇಡಂ ಹತ್ತು ವರ್ಷ ಮಾಡಿದ್ದು ಮಣ್ಣುಪಾಲು."

ಮೇಸ್ತ್ರಿ ನೇರ ಮೇಡಂ ಕೋಣೆಗೆ ಹೋದ.

"ನೌಕೆ ಸುತ್ತುತ್ತಾ ಗ್ರಹದ ಹತ್ತಿರ ಹೋದಾಗ ಗ್ರಹವೇ ಅರ್ಧ ಆಕಾಶ ಮರೆ ಮಾಡುತ್ತೆ, ಎಣಿಕೆ ಇಳೀಬೇಕು," ಎಂದರು ಮೇಡಂ, ಕಣ್ಣುಜ್ಜಿಕೊಳ್ಳುತ್ತ. "ಇಳಿಯುತ್ತೆ ಕೂಡ. ಆದ್ರೆ ಒಂದಷ್ಟು ಎಣಿಕೆ ಮಾತ್ರ ಜಗ್ಗೋದೇ ಇಲ್ಲ. ಹತ್ತಿರ ಇದ್ರೂ ಅಷ್ಟೇ, ದೂರ ಇದ್ರೂ ಅಷ್ಟೇ. ಎಲ್ಲಿಂದ ಬರ್ತಿದೆ ಅಂತ ಹೇಳೋಕಾಗ್ದಿದ್ರೆ ಯಾರು ನಂಬ್ತಾರೆ?"

"ಪೆಟ್ಟಿಗೆ ಒಳಗಿಂದ್ಲೇ ಬರ್ತಿದ್ರೆ?"

"ಒಳಗೆ ಅಂಥದ್ದೇನಿಲ್ಲ. ಪ್ರತಿ ಸ್ಕ್ರೂನೂ ಪಟ್ಟೀಲಿದೆ."

ಮೇಸ್ತ್ರಿಗೆ ಈಗ ನೆನಪಾಯಿತು: ಪಟ್ಟಿಯಲ್ಲಿಲ್ಲದ್ದು ಒಂದಿತ್ತು. ಪೆಟ್ಟಿಗೆ ಜೋಡಿಸಿದ ದಿನ ಪರೀಕ್ಷೆಗಳೆಲ್ಲ ಮುಗಿದು ಮುಚ್ಚಳ ಹಾಕುವುದಷ್ಟೇ ಬಾಕಿ. ಒಂದು ಪಿನ್ನು ಕೈಜಾರಿ ಎಲ್ಲೋ ಉರುಳಿಹೋಗಿತ್ತು. ಸಹಿಯಾದ ಚೀಟಿ ಇಲ್ಲದೆ ಬೇರೆ ಪಿನ್ನು ಕೊಡುವುದಿಲ್ಲ, ನಾಳೆ ಬನ್ನಿ ಎಂದಿದ್ದ ಸ್ಟೋರ್‌ಕೀಪರ್. "ನಿನ್ನ ಪಿನ್ನು ನೀನೇ ಇಟ್ಕೊಂಡು ಪೂಜೆ ಮಾಡು," ಎಂದು ಉರಿದುಕೊಂಡು ಬಂದ ಮೇಸ್ತ್ರಿ, ವೆಲ್ಡಿಂಗಿಗೆ ಬಳಸುವ ಟಂಗ್‌ಸ್ಟನ್ ಕಡ್ಡಿಯನ್ನು ತುಂಡು ಮಾಡಿ, ಉಜ್ಜಿ, ಅದನ್ನೇ ಕೂರಿಸಿದ್ದ. ಅಳತೆ ಕರಾರುವಾಕ್ಕು. ಆದರೆ ಅದು ತುದಿಗೆ ಕೆಂಪು ಬಳಿದ ಕಡ್ಡಿ, ಥೋರಿಯಂ ಬೆರೆಸಿದ್ದು. ಥೋರಿಯಂ ತಾನೇ ಸಣ್ಣಗೆ ವಿಕಿರಣ ಚೆಲ್ಲುತ್ತದೆ. ಡಬ್ಬಿಯ ಮೇಲೂ ಎಚ್ಚರಿಕೆ ಬರೆದಿರುತ್ತದೆ. ಕೋಪದಲ್ಲಿ ಕಣ್ಣಿಗೆ ಅದೆಲ್ಲಿ ಕಾಣಬೇಕು?

ಏನೂ ಹೇಳದೆ ಮನೆಗೆ ಬಂದ. ಕೋಟ್ಯಂತರ ಮೈಲಿ ಆಚೆ ಹೋಗಿ ಯಾರು ಮುಚ್ಚಳ ತೆಗೆದು ನೋಡುತ್ತಾರೆ? ಬಾಯಿ ಮುಚ್ಚಿಕೊಂಡಿದ್ದರೆ ಮೇಡಂ ಮುಂಚಿನಂತೆಯೇ ಮಾತಾಡಿಸುತ್ತಾರೆ, ಪೆಟ್ಟಿಗೆ ಮಾತ್ರ ಸಾಯುತ್ತದೆ. ಬಾಯಿ ಬಿಟ್ಟರೆ ಪೆಟ್ಟಿಗೆ ಉಳಿಯುತ್ತದೆ, ಇವನ ಪಾಲಿಗಿದ್ದ ಒಂದು ಒಳ್ಳೆ ಮಾತು ಹೋಗುತ್ತದೆ. ಎರಡು ದಿನ ಗೋಡೆ ನೋಡುತ್ತ ಕೂತ. ಯಾರನ್ನು ಕೇಳುವುದು? ಮೂರನೆಯ ದಿನ, ಶುಕ್ರವಾರ ಬೆಳಗ್ಗೆ, ಉಳಿದ ಕಡ್ಡಿಯನ್ನು ಮೇಡಂ ಮೇಜಿನ ಮೇಲಿಟ್ಟು ನಡೆದದ್ದೆಲ್ಲ ಹೇಳಿದ.

ಮೇಡಂ ಕಡ್ಡಿಯನ್ನು ಕೈಗೆತ್ತಿಕೊಂಡರು. "ನನಗೊಂದು ಮಾತು ಹೇಳೋಕೇನಾಗಿತ್ತು ಮೇಸ್ತ್ರಿ?"

"ಕೋಪ ಬಂದಿತ್ತು ಮೇಡಂ."

"ಅಷ್ಟೇ ಉದ್ದ ಕತ್ತರಿಸಿ ಕೊಡಿ."

ಪರೀಕ್ಷೆಗೆಂದು ಮಾಡಿ ಭೂಮಿಯಲ್ಲೇ ಉಳಿಸಿಕೊಂಡಿದ್ದ, ಅಂಥದ್ದೇ ಇನ್ನೊಂದು ಪೆಟ್ಟಿಗೆಯೊಳಗೆ ಆ ತುಂಡನ್ನಿಟ್ಟು ಎರಡು ದಿನ ಎಣಿಸಿದರು. ಜಗ್ಗದೆ ನಿಂತಿದ್ದ ಅದೇ ಎಣಿಕೆ ಬಂತು. ಅಷ್ಟನ್ನು ಕಳೆದರೆ ಉಳಿದದ್ದೆಲ್ಲ ಸರಿ. ಸೋಮವಾರ ಪೆಟ್ಟಿಗೆಯನ್ನು ಯಾರೂ ಆಫ್ ಮಾಡಲಿಲ್ಲ.

ಮೇಸ್ತ್ರಿಯನ್ನು ಮಾತ್ರ ನೌಕೆಯ ಕೆಲಸದಿಂದ ತೆಗೆದು ಕುರ್ಚಿ-ಮೇಜು ರಿಪೇರಿಗೆ ಹಾಕಿದರು. ಮೇಡಂ ಈಗ ವರ್ಕ್‌ಶಾಪಿಗೆ ಬಂದರೆ ಬೇರೆ ಬೆಂಚುಗಳ ಹತ್ತಿರ ನಿಂತು ಮಾತಾಡಿ ಹೋಗುತ್ತಾರೆ. ಮಂಗಳದಿಂದ ಬಂದ ಎಣಿಕೆಯನ್ನು ವಾರಕ್ಕೊಮ್ಮೆ ಅವರ ಕೋಣೆಯ ಹೊರಗಿನ ಬೋರ್ಡಿಗೆ ಅಂಟಿಸುತ್ತಾರೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಮೇಸ್ತ್ರಿ ಅಲ್ಲಿಗೆ ಹೋಗಿ, ಬೆರಳಿಟ್ಟು ಒಂದೊಂದೇ ಸಂಖ್ಯೆ ಓದುತ್ತಾನೆ. ಒಳಗಿನ ಕುರ್ಚಿ ಸರಿದ ಸದ್ದಾದರೆ ಸುಮ್ಮನೆ ಹಿಂದಿರುಗುತ್ತಾನೆ.