ಮೂರನೇ ಪುಟದ ತಿದ್ದುಪಡಿ

ಮನೆ ಬದಲಿಸುವಾಗ ಹಳೆಯ ಪುಸ್ತಕಗಳ ಡಬ್ಬದಿಂದ ಒಂದು ಸ್ಟೀಲ್ ಬಾಟಲಿ ಉರುಳಿ ಬಿತ್ತು. ಬುಡ ನೆಗ್ಗಿದೆ, ಮುಚ್ಚಳ ಕಪ್ಪಾಗಿದೆ. ಗುಜರಿಗೆ ಹಾಕೋಣವೇ ಎಂದರು ನಮ್ಮೆಜಮಾನರು. ಮುಟ್ಟಿ ನೋಡಿ, ಗೊತ್ತಾಗುತ್ತೆ ಎಂದೆ. ಅವರು ನಕ್ಕರು, ನಾನು ನಗಲಿಲ್ಲ. ಆ ಬಾಟಲಿ ರಾಮನಗರದ ಪತ್ರಿಕೆಯೊಂದರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ವರದಿಗಾರರದ್ದು.

ಆಗ ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಒಂದು ತಿಂಗಳು ಪತ್ರಿಕೆಯಲ್ಲಿ ಕೆಲಸ ಕಲಿತು ಸರ್ಟಿಫಿಕೇಟ್ ತರಬೇಕಿತ್ತು, ಇಲ್ಲದಿದ್ದರೆ ಪಾಸಿಲ್ಲ. ಕುದೂರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಕಚೇರಿಯ ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಬೇಯುವ ಗೂಡಿನ ವಾಸನೆ ನನ್ನ ಊಟದ ಡಬ್ಬಿಯನ್ನೂ ಬಿಡುತ್ತಿರಲಿಲ್ಲ. ಸಾರ್ ಮಾತ್ರ ಆ ವಾಸನೆಯ ನಡುವೆ ಎಲೆಯಡಿಕೆ ಹಾಕಿಕೊಂಡು ಆರಾಮವಾಗಿ ಕೂತಿರುತ್ತಿದ್ದರು. ಬೈರಾಪಟ್ಟಣದ ಕಡೆಯವರು. ಹೊಗಳುವುದೆಂದರೆ ಅವರಿಗಾಗದು.

ಫೋನಿಗೆ ಬಂದ ಪತ್ರಿಕಾ ಪ್ರಕಟಣೆಯ ನಾಲ್ಕು ಪದ ಆಚೀಚೆ ಮಾಡಿ ಸುದ್ದಿ ಅನ್ನುವುದು ಅಲ್ಲಿನ ರೂಢಿ. ನಾನೂ ಅದನ್ನೇ ಮಾಡಿದೆ. ಚನ್ನಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಘಟಕ ಉದ್ಘಾಟನೆಯಾಗಿತ್ತು. 'ಗ್ರಾಮಸ್ಥರು ಹರ್ಷ ವ್ಯಕ್ತಪಡಿಸಿದರು' ಎಂದು ಮುಗಿಸಿ ಸಾರ್ ಕೈಗೆ ಕೊಟ್ಟೆ.

"ಹರ್ಷ ವ್ಯಕ್ತಪಡ್ಸಿದ್ನ ನೀನ್ ನೋಡ್ದ್ಯಾ?" ಎಂದರು.

"ಇಲ್ಲ ಸಾರ್, ಪ್ರಕಟಣೇಲಿತ್ತು."

ತಮ್ಮ ಬಾಟಲಿಯ ನೀರನ್ನು ಕಿಟಕಿಯಾಚೆ ಚೆಲ್ಲಿ ನನ್ನ ಮುಂದಿಟ್ಟರು. "ಹೋಗಿ ತುಂಬ್ಕೊಂಡ್ ಬಾ ಮಗಾ. ಒಸಿ ಕುಡ್ದು ನೋಡಿ ಆಮ್ಯಾಕೆ ಹಾಕಾನ."

ಮನಸ್ಸಿನಲ್ಲೇ ಅವರನ್ನು ಬೈದುಕೊಂಡು ಬಸ್ಸು ಹತ್ತಿದೆ. ಘಟಕದ ಬಾಗಿಲಲ್ಲಿ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು. ಐದು ರೂಪಾಯಿ ನಾಣ್ಯ ಹಾಕಿದೆ, ನುಂಗಿ ಸುಮ್ಮನಾಯಿತು. ಇನ್ನೊಂದು ಹಾಕಿದೆ, ಅದನ್ನೂ ನುಂಗಿತು. ಬಿಂದಿಗೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬರು ನಿಂತು ನಕ್ಕರು. "ಅದುಕ್ಯಾಕವ್ವ ಕಾಸಾಕ್ತೀಯ? ಉದ್ಘಾಟ್ನೆ ದಿನ ಟ್ಯಾಂಕರಲ್ಲಿ ನೀರು ತಂದು ತುಂಬುದ್ರು. ಅವತ್ತೊಂದಿನ ಬಂತು, ಅಷ್ಟೇಯ." ಇನ್ನೂ ನಾಲ್ಕು ಮನೆಗಳಲ್ಲಿ ಕೇಳಿದೆ. ಎಲ್ಲರೂ ಹೇಳಿದ್ದು ಅದನ್ನೇ.

ಖಾಲಿ ಬಾಟಲಿ ವಾಪಸ್ ತಂದೆ. ಸಾರ್ ಅದನ್ನು ಅಲ್ಲಾಡಿಸಿ ನೋಡಿ, "ಈಗ ಬರಿ" ಎಂದರು. ಬರೆದೆ. ಮರುದಿನ ಮೂರನೇ ಪುಟದಲ್ಲಿ ನನ್ನ ಹೆಸರಿನ ಜೊತೆಗೇ ಬಂತು.

ಘಟಕ ಉದ್ಘಾಟಿಸಿದ ಮುಖಂಡರು ತಮ್ಮ ಹುಟ್ಟುಹಬ್ಬಕ್ಕೆ ಪುಟಗಟ್ಟಲೆ ಜಾಹೀರಾತು ಕೊಡುವವರು. ಪತ್ರಿಕೆಯ ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. ಹುಡುಗಿ ತಿಳಿಯದೆ ಬರೆದಳು ಅಂತ ತಿದ್ದುಪಡಿ ಹಾಕಿ, ಇಲ್ಲದಿದ್ದರೆ ಸರ್ಟಿಫಿಕೇಟಿಗೆ ಸಹಿ ಇಲ್ಲ ಎಂದರು. ಸುಳ್ಳೇಕೆ ಹೇಳಲಿ, ಬರೆದುಕೊಡಲು ನಾನು ಸಿದ್ಧಳಿದ್ದೆ...

ಸಾರ್ ಆ ಬಾಟಲಿಯನ್ನು ಮಾಲೀಕರ ಮೇಜಿನ ಮೇಲೆ ಕುಕ್ಕಿದರು. "ತಪ್ಪು ಬರ್ದಿದ್ರೆ ತಿದ್ದಾನ ಯಜಮಾನ್ರೇ. ಸರಿಯಾಗ್ ಬರ್ದಿರೋದ್ನ ಯಾಕ್ ತಿದ್ಬೇಕು? ಅಲ್ಲಿಂದ ಇದ್ರ ತುಂಬ ನೀರು ತರ್ಸಿ. ನಿಮ್ ಮುಂದೇನೆ ಕುಡ್ದು, ನನ್ ಹೆಸ್ರಲ್ಲೇ ತಿದ್ದುಪಡಿ ಬರ್ಕೊಡ್ತೀನಿ. ಈ ಮಗೀನ ಕಳ್ಸಿದ್ದು ನಾನು. ಏನಿದ್ರೂ ನನ್ ಮ್ಯಾಲೆ ಹಾಕಿ."

ತಿದ್ದುಪಡಿ ಬರಲಿಲ್ಲ. ಸರ್ಟಿಫಿಕೇಟ್ ಸಹಿಯಾಗಿ ಬಂತು. ಅದೇ ವಾರ ಸಾರ್ ಅವರನ್ನು ಕೆಳಮಹಡಿಯ ಪ್ರಸಾರ ವಿಭಾಗಕ್ಕೆ ಹಾಕಿದರು. ಇಪ್ಪತ್ತು ವರ್ಷ ಸುದ್ದಿ ಬರೆದವರು ಇನ್ನು ಪೇಪರ್ ಬಂಡಲ್ ಕಟ್ಟಿಸಿ ಬಸ್ಸಿಗೆ ಹಾಕಿಸಬೇಕು. ನನ್ನ ಕಲಿಕೆಯ ಕೊನೆಯ ದಿನ ನಾನು ಅಳುತ್ತಾ ನಿಂತಿದ್ದರೆ ಬಾಟಲಿಯನ್ನು ಕೈಗೆ ಕೊಟ್ಟರು. "ಮಡಿಕ್ಕೊ. ಕೆಳಗಡೆ ಫಿಲ್ಟರ್ ಐತೆ ಕಣವ್ವ, ನಂಗ್ಯಾಕೆ?"

ನಾನೂ ವರದಿಗಾರ್ತಿಯಾದೆ. ಹೋಗಿ ಮಾತಾಡಿಸಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಅದೇ ಪತ್ರಿಕೆಯಲ್ಲಿ ಮೂರು ಸಾಲು ಕಂಡೆ. ಸಾರ್ ತೀರಿಕೊಂಡಿದ್ದರು. 'ನಮ್ಮ ಪ್ರಸಾರ ವಿಭಾಗದ ನಿವೃತ್ತ ನೌಕರ' ಎಂದು ಹಾಕಿದ್ದರು.

ಅಳು ಬರಬೇಕಿತ್ತು, ಸಿಟ್ಟು ಬಂತು. ಮಣ್ಣಿಗೆ ಹೋಗಿ, ಅಲ್ಲಿಂದ ನೇರವಾಗಿ ಕಚೇರಿಯ ಮೆಟ್ಟಿಲು ಹತ್ತಿದೆ. ನಿಧನ ವಾರ್ತೆಗೂ ಯಾರಾದರೂ ತಿದ್ದುಪಡಿ ಕೇಳುತ್ತಾರಾ ಮೇಡಂ, ರೆಕಾರ್ಡಿನಲ್ಲಿ ಹಾಗೇ ಇದೆ ಎಂದ ಹೊಸ ಉಪಸಂಪಾದಕ. ಹಳೆಯ ಸಂಚಿಕೆಗಳ ಕಟ್ಟು ಇಳಿಸಿ ಅಂದೆ. ಅವರ ಹೆಸರಿದ್ದ ಪುಟಗಳನ್ನು ಒಂದೊಂದಾಗಿ ಅವನ ಮುಂದೆ ಬಿಡಿಸಿಟ್ಟೆ. ತಿದ್ದುಪಡಿ ಪುಟಕ್ಕೆ ಬೀಳುವವರೆಗೂ ಏಳುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತೆ. ಸಂಜೆಯ ಹೊತ್ತಿಗೆ ಅವನೇ ಸೋತ.

ಮರುದಿನ ಮೂರನೇ ಪುಟದ ಕೆಳಮೂಲೆಯಲ್ಲಿ ಬಂತು: 'ಅವರು ಈ ಪತ್ರಿಕೆಯ ಹಿರಿಯ ವರದಿಗಾರರಾಗಿದ್ದರು. ತಪ್ಪಿಗೆ ವಿಷಾದಿಸುತ್ತೇವೆ.'

ಅದನ್ನು ಓದಲು ಸಾರ್ ಇರಲಿಲ್ಲ. ಇದ್ದಾಗ ಒಂದು ದಿನವೂ ನಾನು ಹೋಗಲಿಲ್ಲ... ಅದಕ್ಕೆ ಯಾವ ಪುಟದಲ್ಲಿ ತಿದ್ದುಪಡಿ ಹಾಕಿಸಲಿ?

ಬಾಟಲಿಯನ್ನು ಹುಣಸೆಹಣ್ಣು ಹಾಕಿ ತೊಳೆದು ಖಾಲಿಯಾಗಿಯೇ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ನಾಳೆ ಕನಕಪುರದ ಕಡೆ ಹೋಗಬೇಕು. ಒಂದು ಪ್ರಕಟಣೆ ಬಂದಿದೆ. ಹೊಸ ನೀರಿನ ಘಟಕವಂತೆ, ಗ್ರಾಮಸ್ಥರು ಹರ್ಷ ವ್ಯಕ್ತಪಡಿಸಿದ್ದಾರಂತೆ.