ಕಿವಿಯೊಳಗಿನ ಅಕ್ಕ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಂಪನಿಯ ಮಾಲೀಕನಿಗೆ ಅವಳು ಒಡಹುಟ್ಟಿದ ಅಕ್ಕ. ಅವನ ಬಾಯಿಂದ ಕೇಳಿ ಕೇಳಿ ಉಳಿದವರಿಗೂ ಅದೇ ರೂಢಿಯಾಯಿತು. ತಲೆ ಪೂರ್ತಿ ನರೆತ ಲೆಕ್ಕದ ಗುಮಾಸ್ತ ಕೂಡ "ಅಕ್ಕ, ಒಂದು ಸಹಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಅಕ್ಕ ತಮ್ಮ ಇಬ್ಬರ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಸಾಸಿವೆಯಷ್ಟಿದ್ದ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಆ ಕಣ್ಣುಗಳು ಮೊದಲು ಮಬ್ಬಾದವು, ಆಮೇಲೆ ಪೂರ್ತಿ ಹೋದವು. ಅಮ್ಮ ಆಗಲೇ ತೀರಿಕೊಂಡಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕನಿಗೆ ಅಪ್ಪ ಹೊತ್ತು ಗೊತ್ತಿಲ್ಲದೆ ವಿಡಿಯೊ ಕಾಲ್ ಮಾಡುತ್ತಿದ್ದರು. "ಬಾಗಿಲ ಸಂದಿಯಲ್ಲಿ ಏನೋ ಕಾಗದ ಹಾಕಿ ಹೋಗಿದ್ದಾರೆ, ಏನು ನೋಡಮ್ಮಾ."

"ಕಾಗದ ಎಲ್ಲಿದೆ ಅಪ್ಪಾ, ಬರೀ ನಿಮ್ಮ ಹೆಬ್ಬೆರಳು ಕಾಣ್ತಿದೆ. ಸ್ವಲ್ಪ ಮೇಲೆ ಹಿಡೀರಿ."

ಗಿರಾಕಿಗಳು ನಗುತ್ತಿದ್ದರು. ಓದು ಮುಗಿಸಿ ಕೆಲಸ ಸಿಗದೆ ಅಕ್ಕನ ಅಂಗಡಿಯಲ್ಲಿ ಬಂದು ಕೂರುತ್ತಿದ್ದ ತಮ್ಮ ಮಾತ್ರ ನಗಲಿಲ್ಲ. ಇದನ್ನೇ ನೋಡಿ ನೋಡಿ ಒಂದು ಆ್ಯಪ್ ಮಾಡಿದ. ಕಣ್ಣಿಲ್ಲದವರು ಫೋನಿನಲ್ಲಿ ಒಂದು ಕಡೆ ಒತ್ತಿದರೆ ಸಾಕು, ಕಣ್ಣಿರುವವರೊಬ್ಬರು ಆ ಕಡೆಯಿಂದ ಸಿಕ್ಕಿ, ಕ್ಯಾಮೆರಾ ತೋರಿಸಿದ್ದನ್ನು ಓದಿ ಹೇಳುತ್ತಿದ್ದರು. ಆ ಮೊದಲ ಕಣ್ಣು ಅಕ್ಕನದು. ಅಂಗಡಿ ಕೆಲಸ ಬಿಟ್ಟು ಬಂದು, ಹಾಸಿಗೆ ಮಾರುವ ಮಳಿಗೆಯ ಮೇಲಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಳು. ವರ್ಷ ಕಳೆಯುವುದರೊಳಗೆ ಆ ಕೋಣೆ ತುಂಬಿತು. ಹೊಸಬರಿಗೆಲ್ಲ ಕೆಲಸ ಕಲಿಸಿದವಳು ಅವಳೇ.

ಒಬ್ಬಳು ತಾಯಿ ಮಗುವಿನ ಮೈ ತೋರಿಸಿ, ಗುಳ್ಳೆ ಕೆಂಪಗಿದೆಯೋ ಇಲ್ಲವೋ ಎಂದು ಕೇಳುತ್ತಿದ್ದಳು. ಒಬ್ಬ ಮುದುಕ ಸೋಫಾ ಕೆಳಗೆ ಬಿದ್ದ ಹಲ್ಲಿನ ಸೆಟ್ ಹುಡುಕಿಸಿದ. ಪಿಟೀಲು ಕಲಿಸುವ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಫೋನ್ ಮಾಡುತ್ತಿದ್ದರು.

"ಅಂಗಿ ಪ್ಯಾಂಟು ಹೊಂದುತ್ತಾ ಹೇಳಮ್ಮ."

"ಹೊಂದುತ್ತೆ ಮೇಷ್ಟ್ರೇ. ಗುಂಡಿ ಒಂದು ಮೇಲೆ ಕೆಳಗಾಗಿದೆ."

"ಮುಖ?"

"ಮುಖ ನಿನ್ನೆಯದೇ. ಏನೂ ಮಾಡೋಕಾಗಲ್ಲ."

ಮೇಷ್ಟ್ರು ಅಷ್ಟಕ್ಕೇ ನಕ್ಕು, ದಿನ ಶುರುವಾಯಿತು ಎಂದು ಫೋನ್ ಇಡುತ್ತಿದ್ದರು.

ದುಡ್ಡು ಹಾಕುವವರು ಬಂದ ಮೇಲೆ ಕಂಪನಿ ಗಾಜಿನ ಕಟ್ಟಡಕ್ಕೆ ಹೋಯಿತು. ಮೇಲಿನ ಎರಡು ಮಹಡಿ ಹೊಸ ಪ್ರಾಡಕ್ಟುಗಳಿಗೆ, ಕೆಳಗಡೆ ಲಿಫ್ಟಿನ ಪಕ್ಕದ ಕೋಣೆ ಫೋನಿನಲ್ಲಿ ಓದಿ ಹೇಳುವವರಿಗೆ. ಮೇಲೆ ಮಾತಾಡುವ ಕನ್ನಡಕ ತಯಾರಾಗುತ್ತಿತ್ತು. ಅಂಗಡಿಯವರಿಗೆ ಸರಕು ಎಣಿಸಿಕೊಡುವ ಕ್ಯಾಮೆರಾ ಬಂತು. ಒಂಟಿಯಾಗಿರುವವರ ಜೊತೆ ಹರಟುವ ಯಂತ್ರ ಬಂದು ಆರು ತಿಂಗಳಿಗೇ ಸದ್ದಿಲ್ಲದೆ ಹೋಯಿತು. ಒಂದೊಂದಕ್ಕೂ ಕೆಳಗಿನ ಕೋಣೆಯಿಂದ ಜನ ಬೇಕಾಗುತ್ತಿದ್ದರು. ಚುರುಕಾಗಿದ್ದವರನ್ನು ಮೇಲೆ ಕರೆಸಿಕೊಂಡು, ಯಂತ್ರಕ್ಕೆ ಇದು ಬಾಗಿಲು, ಇದು ನಾಯಿ ಎಂದು ಪಾಠ ಹೇಳಿಸುತ್ತಿದ್ದರು. ಖಾಲಿಯಾದ ಕುರ್ಚಿಗೆ ಮತ್ತೆ ಯಾರೂ ಬರುತ್ತಿರಲಿಲ್ಲ. ಫೋನ್ ಮಾಡಿದವರು ಕಾಯಬೇಕಾಯಿತು, ಕಾಯುವಾಗ ಕನ್ನಡಕದ ಜಾಹೀರಾತು ಕೇಳಬೇಕಾಯಿತು.

ಅಕ್ಕ ತಮ್ಮನ ಕೋಣೆಗೇ ಹೋಗಿ ಕೇಳಿದಳು. "ಒಲೆ ಮೇಲೆ ಹಾಲಿಟ್ಟು ಫೋನ್ ಮಾಡ್ತಾರೆ ಕಣೋ. ಅವರು ಜಾಹೀರಾತು ಕೇಳ್ತಾ ಕೂತ್ಕೋಬೇಕಾ?"

ತಮ್ಮ ಕೆಟ್ಟವನಲ್ಲ. ಎದ್ದು ಬಂದು ಅವಳ ಪಕ್ಕದಲ್ಲೇ ಕೂತ. "ನಿಜ ಅಕ್ಕ. ಆದರೆ ಒಂದೊಂದು ಫೋನಿಗೆ ಒಬ್ಬೊಬ್ಬ ಮನುಷ್ಯನನ್ನ ಕೂರಿಸಿ ಎಷ್ಟು ಕಾಲ ತಳ್ಳೋದು? ಕನ್ನಡಕ ಆಗಿಬಿಟ್ಟರೆ ಯಾರೂ ಯಾರನ್ನೂ ಕಾಯಬೇಕಾಗಿಲ್ಲ. ಅಪ್ಪ ತಾವೇ ಪೇಪರ್ ಓದಬಹುದು."

ಅದೂ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಜಗಳ ಆಡಲಾಗದೆ ಕೆಳಗಿಳಿದು ಬಂದಳು.

ಕನ್ನಡಕವನ್ನು ಲೋಕಕ್ಕೆ ತೋರಿಸುವ ದಿನ ದೊಡ್ಡ ಸಭಾಂಗಣ ಹಿಡಿದಿದ್ದರು. ವೇದಿಕೆಯ ಮೇಲೆ ಅಪ್ಪ ಕೂರುವುದು, ಸಭಿಕರು ಕೊಟ್ಟದ್ದನ್ನು ಕನ್ನಡಕದ ಮುಂದೆ ಹಿಡಿಯುವುದು, ಯಂತ್ರ ಕಿವಿಯಲ್ಲಿ ಓದಿದ್ದನ್ನು ಅವರು ಜೋರಾಗಿ ಹೇಳುವುದು ಎಂದಿತ್ತು. ಜನ ಬಂದು ಕೂರುವ ಹೊತ್ತಿಗೆ ತಮ್ಮ ಅಕ್ಕನನ್ನು ವೇದಿಕೆಯ ಹಿಂದಿನ ಸಣ್ಣ ಕೋಣೆಗೆ ಕರೆದ. ಅಲ್ಲಿ ಕನ್ನಡಕ ಕಂಡದ್ದನ್ನು ತೋರಿಸುವ ಒಂದು ಪರದೆ, ಅಪ್ಪನ ಕಿವಿಗೆ ಕೇಳಿಸುವ ಒಂದು ಮೈಕು ಇತ್ತು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಈ ದೀಪದ ಬೆಳಕಿಗೆ ಕನ್ನಡಕ ತಪ್ಪು ತಪ್ಪು ಓದ್ತಿದೆ ಅಕ್ಕ. ಇವತ್ತೊಂದು ದಿನ ನೀನು ಓದಿಬಿಡು."

"ನಾನಾ? ಯಂತ್ರ ಅಂತ ಹೇಳಿ?"

"ಇದು ಮೋಸ ಅಲ್ಲ. ಮೂರು ತಿಂಗಳು ಬಿಟ್ಟು ಆಗೋದನ್ನ ಇವತ್ತೇ ತೋರಿಸ್ತಿದ್ದೀವಿ, ಅಷ್ಟೆ. ಇವತ್ತು ಕೆಟ್ಟರೆ ದುಡ್ಡಿನವರು ಕೈ ಎತ್ತುತ್ತಾರೆ. ಆಗ ನಿನ್ನ ಕೋಣೆಯೂ ಇರಲ್ಲ, ಯೋಚನೆ ಮಾಡು."

"ಅಪ್ಪನಿಗೆ ಹೇಳಿದ್ದೀಯಾ?"

"ಅವರಿಗೆ ಯಾಕೆ? ಕಿವಿಗೆ ಬಿದ್ದಿದ್ದು ಹೇಳ್ತಾರೆ."

ಅವಳು ಕೂತಳು. ತನ್ನ ಕೋಣೆಗಾಗಿ, ಅಲ್ಲಿ ಉಳಿದಿದ್ದ ನಾಲ್ಕು ಕುರ್ಚಿಗಳಿಗಾಗಿ ಕೂತಳು. ಪರದೆಯ ಮೇಲೆ ಯಾರದೋ ವಿಸಿಟಿಂಗ್ ಕಾರ್ಡು ಬಂತು. ದನಿಯಲ್ಲಿ ಏರಿಳಿತ ಇಲ್ಲದ ಹಾಗೆ ಓದಿದಳು. ವೇದಿಕೆಯ ಮೇಲೆ ಅಪ್ಪ ಕಿವಿಗೊಟ್ಟು ಕೇಳಿದರು. ಕತ್ತು ತುಸು ಓರೆಯಾಯಿತು. ಆಮೇಲೆ ಕಾರ್ಡಿನ ಹೆಸರು, ಹುದ್ದೆ, ವಿಳಾಸವನ್ನೆಲ್ಲ ಗಟ್ಟಿಯಾಗಿ ಹೇಳಿದರು. ಮಾತ್ರೆಯ ಪಟ್ಟಿ ಬಂತು, ಪತ್ರಿಕೆಯ ಹಾಳೆ ಬಂತು, ಒಬ್ಬ ಹೆಂಗಸು ತನ್ನ ಕೈಬಳೆಯನ್ನೇ ಮುಂದೆ ಚಾಚಿದಳು. ಒಂದೂ ತಪ್ಪಲಿಲ್ಲ.

"ಯಂತ್ರದ ಮಾತು ಸ್ಪಷ್ಟವಾಗಿದೆಯಾ ಸಾರ್?" ಎಂದು ಸಭೆಯಿಂದ ಯಾರೋ ಕೇಳಿದರು.

"ತುಂಬಾ ಸ್ಪಷ್ಟ" ಎಂದರು ಅಪ್ಪ. "ಮನೆಯವರೇ ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ."

ಚಪ್ಪಾಳೆ ಬಿತ್ತು. ಗೋಡೆಯ ಈಚೆ ಅಕ್ಕ ಮೈಕನ್ನು ಆರಿಸಿ, ಒಣಗಿದ ಬಾಯಿಗೆ ನೀರು ಹುಡುಕಿದಳು. ಆ ಕೋಣೆಯಲ್ಲಿ ನೀರಿರಲಿಲ್ಲ.

ಮನೆಗೆ ಹೋಗುವ ಕಾರಿನಲ್ಲಿ ಅವಳೇ ಮಾತು ತೆಗೆದಳು. "ನಿಮಗೆ ಗೊತ್ತಾಯ್ತು ಅಲ್ವಾ?"

"ನೀನು ಬಾಯಿ ತೆಗೆಯೋಕೆ ಮುಂಚೆ ಉಸಿರು ತಗೊಂಡೆಯಲ್ಲ, ಆಗಲೇ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅಷ್ಟು ಜನರ ಮುಂದೆ ಮಗನ ಮಾನ ಕಳೀಲಾ?"

"ನನ್ನದು?"

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿನಗೇನಾಯ್ತಮ್ಮಾ? ನಿನ್ನನ್ನ ಯಾರೂ ನೋಡೇ ಇಲ್ಲವಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು.

ಕನ್ನಡಕಕ್ಕೆ ದುಡ್ಡು ಹರಿದುಬಂತು. ದುಡ್ಡು ಹಾಕಿದವರು ಮೊದಲು ಕೇಳಿದ್ದು, ಯಂತ್ರ ಇಷ್ಟು ಚೆನ್ನಾಗಿ ಓದುವಾಗ ಕೆಳಗೆ ಮನುಷ್ಯರನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು. ತಮ್ಮ ನಿಜ ಹೇಳಿದರೆ ಇದ್ದದ್ದೂ ಹೋಗುತ್ತಿತ್ತು. ಕೋಣೆ ಮುಚ್ಚಿತು. ತಾನು ಯಾವುದನ್ನು ಉಳಿಸಲು ಕೂತೆನೋ ಅದನ್ನು ತನ್ನ ಬಾಯಿಂದಲೇ ಮುಗಿಸಿದೆ ಎಂಬುದು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ತಮ್ಮ ಮೇಲಿನ ಮಹಡಿಯಲ್ಲಿ ಕುರ್ಚಿ ಕೊಡುತ್ತೇನೆಂದ. ಬೇಡ ಎಂದು ಹಳೆಯ ಔಷಧಿ ಅಂಗಡಿಗೇ ಮರಳಿದಳು. ಅಲ್ಲಿ ಅವಳಿಗಿಂತ ಚಿಕ್ಕವರು ಮೇಲಿನವರಾಗಿದ್ದರು.

ಮೂರು ತಿಂಗಳೆಂದದ್ದು ವರ್ಷ ದಾಟಿತು. ಕನ್ನಡಕ ಕೆಲವರಿಗೆ ಒದಗಿತು. ಕಾಲೇಜಿನ ಹುಡುಗಿಯೊಬ್ಬಳು ಅದರಿಂದಲೇ ಪರೀಕ್ಷೆ ಪಾಸಾದಳೆಂದು ಸುದ್ದಿ ಬಂತು. ಮೇಷ್ಟ್ರಿಗೆ ಅದು ಒದಗಲಿಲ್ಲ. ಕನ್ನಡಿಯ ಮುಂದೆ ನಿಂತರೆ ಅದು "ಒಬ್ಬ ವ್ಯಕ್ತಿ" ಎನ್ನುತ್ತಿತ್ತಂತೆ. ಅಂಗಡಿ ಹುಡುಕಿಕೊಂಡು ಬಂದು ಅವರೇ ಹೇಳಿದರು. ಪಾಠಕ್ಕೆ ಹೋಗುವುದನ್ನು ಬಿಟ್ಟಿದ್ದರು. ಅಕ್ಕನ ಸ್ವಂತ ನಂಬರು ಕೇಳಿದರು, ಕೊಟ್ಟಳು. ಆದರೆ ಗಿರಾಕಿಗಳು ಸಾಲು ನಿಂತಾಗ ಅವರ ಫೋನು ಬಂದರೆ ಎತ್ತಲಾಗುತ್ತಿರಲಿಲ್ಲ. ಕ್ರಮೇಣ ಅವರೂ ಮಾಡುವುದನ್ನು ಬಿಟ್ಟರು. ಅಪ್ಪ ಮಾತ್ರ ಮಗ ಮನೆಗೆ ಬರುವ ಭಾನುವಾರಗಳಲ್ಲಿ ತಪ್ಪದೆ ಕನ್ನಡಕ ಹಾಕಿಕೊಂಡು ಪೇಪರ್ ಬಿಡಿಸಿ ಕೂರುತ್ತಿದ್ದರು.

ಒಂದು ಭಾನುವಾರ ತಮ್ಮ ಊಟಕ್ಕೆ ಬಂದ. ಅನ್ನ ಕಲಸುತ್ತಾ ಹೇಳಿದ, "ಒಂದು ಹೊಸ ಪ್ರಾಡಕ್ಟ್ ಶುರು ಮಾಡ್ತಿದ್ದೀವಿ ಅಕ್ಕ. ಜನ ಈಗ ಮನುಷ್ಯರ ದನಿಯೇ ಬೇಕು ಅಂತಿದ್ದಾರೆ. ಫೋನ್ ಮಾಡಿದ ಕೂಡಲೇ ಒಬ್ಬರು ಸಿಗ್ತಾರೆ, ನೋಡಿ ಓದಿ ಹೇಳ್ತಾರೆ. ಸ್ವಲ್ಪ ದುಬಾರಿ. ಜನರನ್ನ ತಯಾರು ಮಾಡೋಕೆ ನಿನ್ನಂಥವರು ಬೇಕು."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಹಳೆಯದನ್ನೇ ಹೇಳುತ್ತಿದ್ದೇನೆಂಬ ಅರಿವೂ ಇದ್ದ ಹಾಗೆ ಕಾಣಲಿಲ್ಲ.

"ಪಿಟೀಲು ಮೇಷ್ಟ್ರು ಅಷ್ಟು ಕೊಡಬಲ್ಲರಾ?"

"ಅಂಥವರು ಈಗ ನಮ್ಮ ಗಿರಾಕಿಗಳಲ್ಲ ಅಕ್ಕ."

"ಬರಲ್ಲ ಕಣೋ ನಾನು."

"ಅಪ್ಪ ನೀನು ಬರ್ತೀಯ ಅಂದಿದ್ರು," ಎಂದ ತಮ್ಮ, ನಿಜವಾಗಿಯೂ ಆಶ್ಚರ್ಯಪಟ್ಟು.

ಅವಳು ಅಪ್ಪನ ಕಡೆ ನೋಡಿದಳು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, "ಹೋಗಮ್ಮಾ, ತಮ್ಮ ಅಲ್ವಾ. ನಾನು ಆಗಲೇ ಮಾತು ಕೊಟ್ಟಾಯ್ತು" ಎಂದರು.

ಅಕ್ಕ ಇಬ್ಬರ ತಟ್ಟೆಗೂ ಸಾರು ಬಡಿಸಿದಳು. ತನ್ನ ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು. ಭಾನುವಾರ ಅವಳಿಗೆ ರಜೆ. ಆದರೂ ಅಂಗಡಿಗೇ ಹೋದಳು. ಅಂದಿನಿಂದ ಭಾನುವಾರದ ಪಾಳಿಯನ್ನು ತಾನೇ ಕೇಳಿ ತೆಗೆದುಕೊಂಡಳು.